ಅರಬ್ಬೀ ಬರಹವೂ ಶ್ರೀರಂಗಪಟ್ಟಣದ ಲಿಪಿಕಲೆಯೂ

ಶಾಸನವೆಂದೊಡನೆ ನಮ್ಮ ಜಿಲ್ಲೆಯವರಿಗೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೆನಪಾಗುವುದು ಸಹಜ. ಆದರೆ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯ ಜಿಲ್ಲೆಗೆ ಶ್ರೀರಂಗಪಟ್ಟಣವೂ ಸೇರಿರುವುದರಿಂದ, ಅಲ್ಲಿಯ ಮಸೀದಿಯ ಮತ್ತು ಗುಂಬಜಿನ ಅರಬ್ಬೀ ಪಾರ್ಸಿ ಬರಹಗಳೂ ನಮ್ಮ ಚರಿತ್ರೆಯ ಆಕರಗಳೇ ಆಗಿವೆ. ಇವನ್ನು ಓದುವ ಶಕ್ತಿಯು ಹೇಗೆ ಬರುತ್ತದೆಂಬುದು ವಿಚಾರಾರ್ಹವಾದುದು.

ಅರಬ್ಬೀ ವರ್ಣಮಾಲೆಯಲ್ಲಿ 28 ಅಕ್ಷರಗಳಿವೆ. ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಬಹುತೇಕ ಅಕ್ಷರಗಳ ರೂಪವು ಬೇರೆಯಾಗುತ್ತದೆ. ಆರು ಅಕ್ಷರಗಳು ಮಾತ್ರ ಮುಂದಿನ ಅಕ್ಷರದೊಡನೆ ಕೂಡುವುದಿಲ್ಲ. ಕಣ್ಣಿನಿಂದ ಮಾತ್ರ ಕಲಿತವನು ಇಲ್ಲಿ ತಬ್ಬಿಬ್ಬಾಗುತ್ತಾನೆ. ಆದುದರಿಂದಲೇ ಪೂರ್ವದ ಗುರುಗಳು ಬರಹವನ್ನು ಲಿಪಿಕಲೆಯ ಮೂಲಕ ಕಲಿಸಿದರು. 940ರಲ್ಲಿ ಮಡಿದ ಬಾಗ್ದಾದಿನ ವಜೀರ ಇಬ್ನ್ ಮುಖ್ಲನು ಅಕ್ಷರಗಳಿಗೆ ಪ್ರಮಾಣವನ್ನು ವಿಧಿಸಿದನೆಂದು ಪ್ರತೀತಿ. ಜೊಂಡಿನ ಲೇಖನಿಯ ತುದಿಯಿಂದ ಮೂಡುವ ಚುಕ್ಕೆಯೇ ಅಳತೆಗೋಲು. ಅಲೀಫಿನ ಎತ್ತರವನ್ನೂ ಚುಕ್ಕೆಗಳಿಂದಲೇ ಎಣಿಸುವರು. ಗುರು ಬರೆದ ಪಂಕ್ತಿಯನ್ನು ಶಿಷ್ಯನು ಮತ್ತೆ ಮತ್ತೆ ಅನುಕರಿಸುವ ಈ ಅಭ್ಯಾಸಕ್ಕೆ ಮಷ್ಕ್ ಎಂದು ಹೆಸರು. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದಿದುದೂ ಇದೇ ತತ್ತ್ವದಿಂದಲ್ಲವೆ?

ಇದು ಬರಿಯ ಅಂದದ ಮಾತಲ್ಲ. ಬ, ತ, ಥ ಎಂಬ ಮೂರು ಅಕ್ಷರಗಳ ಒಡಲು ಒಂದೇ, ಭೇದವಿರುವುದು ಚುಕ್ಕೆಗಳಲ್ಲಿ. ನಮ್ಮ ಕಟಪಯಾದಿಯಂತೆ ಅರಬ್ಬಿಯಲ್ಲಿಯೂ ಅಕ್ಷರಗಳಿಗೆ ಸಂಖ್ಯೆಗಳುಂಟು. ಅದರಲ್ಲಿ ಬ ಎಂದರೆ 2, ತ ಎಂದರೆ 400, ಥ ಎಂದರೆ 500. ಗುಂಬಜಿನ ಪಾರ್ಸಿ ಬರಹದಲ್ಲಿ ಹೈದರಾಲಿಯ ಮರಣಕಾಲವನ್ನು ಈ ಕ್ರಮದಿಂದಲೇ ಸೂಚಿಸಿದೆ. ಇಂತಹ ಬರಹದಲ್ಲಿ ಒಂದು ಚುಕ್ಕೆಯನ್ನು ತಪ್ಪಾಗಿ ಕಂಡರೆ ಶತಮಾನಗಳೇ ಪಲ್ಲಟವಾಗುವುವು!

ಟೀಪುವಿನ ಆಳ್ವಿಕೆಯಲ್ಲಿ ಈ ಕಲೆಗೆ ವಿಶೇಷ ಪ್ರೋತ್ಸಾಹವಿದ್ದಂತೆ ತೋರುತ್ತದೆ. ಅವನ ಆಯುಧಗಳ ಮೇಲೆ ಅರಬ್ಬೀ ಅಕ್ಷರಗಳನ್ನೇ ಹುಲಿಯ ಮೊಗದಂತೆ ಹೆಣೆದಿರುವುದುಂಟು. ಅವನ ಮೌಲೂದೀ ಶಕೆಯ ನಾಣ್ಯಗಳಲ್ಲಿ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಯಿಸಿದನು. 1799ರಲ್ಲಿ ಪಟ್ಟಣವು ಬಿದ್ದಮೇಲೆ ಸುಮಾರು 2000 ಹಸ್ತಪ್ರತಿಗಳ ಅವನ ಗ್ರಂಥಭಂಡಾರವು ಇಂಗ್ಲಿಷರ ಕೈಸೇರಿ, ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋಯಿತು. ಚಾರ್ಲ್ಸ್ ಸ್ಟೂವರ್ಟನು 1809ರಲ್ಲಿ ಅದರ ವಿವರವಾದ ಪಟ್ಟಿಯನ್ನು ಪ್ರಕಟಿಸಿದನು.

ಗ್ರಂಥಗಳು ಹೋದುವು, ಗೋಡೆಯ ಬರಹಗಳು ಉಳಿದಿವೆ. ಅರಬ್ಬಿಯನ್ನು ಕಲಿಯುವ ನಮ್ಮ ಬಾಲಕ ಬಾಲಿಕೆಯರು ವಾರಕ್ಕೊಂದು ಗಂಟೆಯಾದರೂ ಲೇಖನಿ ಹಿಡಿದು ಈ ಪಂಕ್ತಿಗಳನ್ನೇ ಮೇಲ್ಪಂಕ್ತಿಯಾಗಿ ತಿದ್ದಿದರೆ, ಅವರ ಕೈಬರಹವೂ ದುಂಡಾಗುವುದು, ಜಿಲ್ಲೆಗೆ ಶಾಸನ ಓದಬಲ್ಲವರೂ ದೊರೆಯುವರು. ಓದುವವರಿಲ್ಲದ ಶಾಸನವು ಇದ್ದೂ ಇಲ್ಲದಂತೆಯೇ ಸರಿ.