ವಿಮಾನಯಾನ ಮತ್ತು ಪರವಾನಗಿ ಬಂದೂಕು (ಭಾರತ)

ಪರವಾನಗಿ ಪಡೆದ ಬಂದೂಕನ್ನು ಪ್ರಯಾಣಿಕರು ವಿಮಾನದಲ್ಲಿ ಸಾಗಿಸುವ ಕ್ರಮ. ಬಂದೂಕಾಗಲಿ ಗುಂಡಾಗಲಿ ಸಾಮಾನ್ಯ ಪ್ರಯಾಣಿಕರ ಕೈಚೀಲದಲ್ಲಿ ಇರುವಂತಿಲ್ಲ. ಗುಂಡು ತೆಗೆದು ಖಾಲಿ ಮಾಡಿದ ಆಯುಧವನ್ನು ಚೆಕ್-ಇನ್ ಕೌಂಟರಿನಲ್ಲೇ ಘೋಷಿಸಿ, ಪರವಾನಗಿ ತೋರಿಸಿ, ಲಗೇಜಿನ ವಿಭಾಗಕ್ಕೆ ಒಪ್ಪಿಸಬೇಕು. ಅಂತರರಾಷ್ಟ್ರೀಯ ವಾಯುಸಾರಿಗೆ ನಿಯಮದಂತೆ ಒಬ್ಬರು ಸ್ವಂತ ಬಳಕೆಗೆ ಒಯ್ಯಬಹುದಾದ ತೋಟಾಗಳ ಒಟ್ಟು ತೂಕ, ಪೆಟ್ಟಿಗೆಯೂ ಸೇರಿ, 5 ಕೆ.ಜಿ. ಇದಕ್ಕೂ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಸಂಸ್ಥೆ ನಿರಾಕರಿಸಲೂಬಹುದು.

ಪರವಾನಗಿಯ ವ್ಯಾಪ್ತಿಯನ್ನು ಮೊದಲೇ ನೋಡಿಕೊಳ್ಳುವುದು ಅತಿ ಮುಖ್ಯ. ಕರ್ನಾಟಕಕ್ಕೆ ಸೀಮಿತವಾದ ಪರವಾನಗಿ ದೆಹಲಿಯಲ್ಲಿ ಇಳಿದವರನ್ನು ರಕ್ಷಿಸದು. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದ್ದು, 2019ರ ಕೇಂದ್ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ಕೋವಿಯ ಈ ಹಕ್ಕು ವಿಮಾನ ನಿಲ್ದಾಣದ ಭದ್ರತಾ ನಿಯಮಗಳಿಂದ ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಮರೆತು ಚೀಲದಲ್ಲಿ ಉಳಿದ ಒಂದೇ ತೋಟಾ ಕೂಡ ಪೊಲೀಸ್ ಪ್ರಕರಣವಾಗಬಲ್ಲದು. ಕೈಚೀಲಗಳನ್ನು ತಪಾಸಿಸುವ ಭದ್ರತಾ ಸಿಬ್ಬಂದಿ ಅದನ್ನು ಸ್ಥಳೀಯ ಠಾಣೆಗೆ ಒಪ್ಪಿಸುತ್ತಾರೆ; 1959ರ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿನಡಿ ಮೊಕದ್ದಮೆ ಹೂಡಬಹುದು. 1972ರ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆಯುಧ ತನ್ನ ಬಳಿ ಇದೆಯೆಂಬ ಅರಿವಿದ್ದರೆ ಮಾತ್ರ ಅದು ಅಪರಾಧದ ಸ್ವಾಧೀನ ಎಂದು ವಿವರಿಸಿತು. ಈ ನ್ಯಾಯಯುತ ತತ್ತ್ವದ ಆಧಾರದಲ್ಲಿ ಹೈಕೋರ್ಟುಗಳು ಇಂಥ ಹಲವು ಮೊಕದ್ದಮೆಗಳನ್ನು ರದ್ದುಪಡಿಸಿವೆ. ಅಷ್ಟರಲ್ಲಿ ವಿಮಾನವಂತೂ ತಪ್ಪಿರುತ್ತದೆ, ಕೋರ್ಟಿನ ಅಲೆದಾಟವೂ ಆಗಿರುತ್ತದೆ.

ವಿದೇಶಕ್ಕೆ ಹೋಗುವ ಕ್ರೀಡಾ ಶೂಟರ್‌ಗಳು ಇವೆಲ್ಲದರ ಜೊತೆಗೆ ಕಸ್ಟಮ್ಸ್ ವಿಧಿಗಳನ್ನೂ ತಲುಪುವ ದೇಶದ ಕಾನೂನನ್ನೂ ಪಾಲಿಸಬೇಕು.