ಒಂದು ಗಿನಿ ಬೇಡ ಎಂದವನು

ಇಂಗ್ಲೆಂಡಿನ ಟೈನ್ ನದಿ ಕಡಲು ಸೇರುವ ಅಳಿವೆಯಲ್ಲಿ ಹಡಗಿನವರಿಗೆ ದೊಡ್ಡ ಶತ್ರುವೆಂದರೆ ಮರಳದಿಣ್ಣೆ. ಗಂಗೊಳ್ಳಿಯ ಅಳಿವೆ ದಾಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1789ರಲ್ಲಿ ‘ಅಡ್ವೆಂಚರ್’ ಎಂಬ ಹಡಗು ಟೈನ್ ಅಳಿವೆಯ ಹರ್ಡ್ ಸ್ಯಾಂಡ್ಸ್ ದಿಣ್ಣೆಗೆ ಸಿಕ್ಕಿಬಿತ್ತು. ಸೌತ್ ಶೀಲ್ಡ್ಸ್ ಊರಿನ ಜನ ದಡದಲ್ಲಿ ನಿಂತು ನೋಡುತ್ತಿದ್ದಂತೆಯೇ ನಾವಿಕರು ಪಟಸ್ತಂಭದ ಹಗ್ಗಗಳಿಂದ ಕೈಜಾರಿ ನೀರಿಗೆ ಬಿದ್ದರು. ದೂರವೇನೂ ಹೆಚ್ಚಿರಲಿಲ್ಲ. ಆ ಅಲೆಗೆ ಇಳಿಸುವಂಥ ದೋಣಿ ಇರಲಿಲ್ಲ, ಅಷ್ಟೇ.

ಊರಿನ ಗಣ್ಯರು ಸಮಿತಿ ಮಾಡಿ, ಒಳ್ಳೆಯ ರಕ್ಷಣಾ ದೋಣಿಯ ಮಾದರಿಗೆ ಎರಡು ಗಿನಿ ನಾಣ್ಯದ ಬಹುಮಾನ ಸಾರಿದರು. ದೋಣಿ ಮಗುಚದಂತೆ ಲೆಕ್ಕ ಹಾಕಿಯೇ ಹೊಟ್ಟೆ ಹೊರೆದವನು ನಾನು. ಈ ಸ್ಪರ್ಧೆಯ ಕಥೆ ಎಷ್ಟು ಸಲ ಓದಿದರೂ ಸಿಟ್ಟು ಬರುತ್ತದೆ.

ಸ್ಪರ್ಧೆಗೆ ಬಂದವರಲ್ಲಿ ವಿಲಿಯಂ ವುಡ್‌ಹೇವ್ ಒಬ್ಬ. ಬಡವ, ಮಾತು ಒರಟು. ಒಡೆದ ಮರದ ಬಟ್ಟಲಿನ ಅರ್ಧ ಹೋಳು ಬಾವಿಕಟ್ಟೆಯ ಬಳಿ ನೀರಿನಲ್ಲಿ ತೇಲುವುದನ್ನು ಅವನು ಕಂಡನಂತೆ. ಎಷ್ಟು ಸಲ ಮಗುಚಿದರೂ ಕಲ್ಲಂಗಡಿ ಹೋಳಿನ ಹಾಗೆ ತುದಿಗಳನ್ನು ಮೇಲೆತ್ತಿ ಅದು ನೆಟ್ಟಗಾಗುತ್ತಿತ್ತಂತೆ. ಕಥೆ ಹಾಗಿರಲಿ, ಅವನ ತಗಡಿನ ಮಾದರಿಯಲ್ಲಿ ಇದ್ದದ್ದು ಅದೇ ತತ್ವ. ಮುಂದೆ ಹಿಂದೆ ಎರಡೂ ತುದಿ ಎತ್ತರ, ಅವುಗಳೊಳಗೆ ಬೆಂಡು ತುಂಬಿದ ಪೆಟ್ಟಿಗೆ. ಇಂಥ ದೋಣಿ ಬೋರಲಾದರೆ ಎರಡು ತುದಿಗಳ ಮೇಲಷ್ಟೇ ನಿಲ್ಲಬೇಕು, ತಳದ ಭಾರವೆಲ್ಲ ಮೇಲಕ್ಕೆ ಬಂದಿರುತ್ತದೆ. ಆ ಸ್ಥಿತಿಯಲ್ಲಿ ಅದು ನಿಲ್ಲಲಾರದು, ಹೊರಳಲೇಬೇಕು.

ಸಮಿತಿ ಅವನಿಗೆ ಕೊಡಹೋದದ್ದು ಅರ್ಧ ಬಹುಮಾನ, ಒಂದು ಗಿನಿ. ಅವನು ಅದನ್ನು ಅಲ್ಲೇ ಬಿಟ್ಟು ಹೊರಟ.

ಆಮೇಲೆ ಸಮಿತಿಯವರೇ ಜೇಡಿಮಣ್ಣಿನಲ್ಲಿ ಒಂದು ಮಾದರಿ ಮಾಡಿ, ದೋಣಿ ಕಟ್ಟುವ ಕೆಲಸವನ್ನು ಹೆನ್ರಿ ಗ್ರೇಟ್‌ಹೆಡ್‌ಗೆ ಒಪ್ಪಿಸಿದರು. ದೋಣಿಯ ತಳದ ಬೆನ್ನೆಲುಬಾದ ಕೀಲನ್ನು ಬಿಲ್ಲಿನಂತೆ ಬಾಗಿಸಿದ್ದು ಅವನ ಜಾಣ್ಮೆ. 1790ರ ಜನವರಿಯಲ್ಲಿ ‘ಒರಿಜಿನಲ್’ ನೀರಿಗಿಳಿಯಿತು: 30 ಅಡಿ ಉದ್ದ, 10 ಅಡಿ ಅಗಲ, ಹತ್ತು ಹುಟ್ಟು, ಸುಮಾರು 350 ಕಿಲೊ ಬೆಂಡು. ಎರಡೂ ತುದಿ ಒಂದೇ ರೂಪವಾದ್ದರಿಂದ ಅಲೆಯ ನಡುವೆ ತಿರುಗಿಸುವ ಕಷ್ಟವಿರಲಿಲ್ಲ. ಹುಟ್ಟು ಹಾಕುವವರು ಮುಖ ತಿರುಗಿಸಿ ಕೂತರೆ ಸಾಕು. ದೋಣಿ ಒಳ್ಳೆಯದೇ, 40 ವರ್ಷ ದುಡಿಯಿತು. 1802ರಲ್ಲಿ ಪಾರ್ಲಿಮೆಂಟು ಗ್ರೇಟ್‌ಹೆಡ್‌ಗೆ 1200 ಪೌಂಡ್ ಕೊಟ್ಟಿತು. ಆದರೆ ಮಗುಚಿದರೆ ಅದು ತಾನಾಗಿ ಏಳುವ ದೋಣಿಯಲ್ಲ.

1849ರ ಡಿಸೆಂಬರಿನಲ್ಲಿ ಅದೇ ಊರಿನ ‘ಪ್ರಾವಿಡೆನ್ಸ್’ ರಕ್ಷಣಾ ದೋಣಿ ‘ಬೆಟ್ಸಿ’ ಎಂಬ ಹಡಗಿನವರನ್ನು ಕರೆತರಲು ಹೋಗಿ ಮಗುಚಿತು. ಒಳಗಿದ್ದವರು 24 ಜನ, ಎಲ್ಲರೂ ಅಳಿವೆಯಲ್ಲಿ ಹಡಗುಗಳಿಗೆ ದಾರಿ ತೋರುವ ಪೈಲಟ್‌ಗಳು. ಸತ್ತವರು 20.

ಆಗ ನಾರ್ತಂಬರ್ಲೆಂಡಿನ ಡ್ಯೂಕ್ 100 ಗಿನಿಯ ಸ್ಪರ್ಧೆ ಇಟ್ಟ. 280 ಮಾದರಿಗಳು ಬಂದವು. 1851ರಲ್ಲಿ ಗೆದ್ದದ್ದು ಜೇಮ್ಸ್ ಬೀಚಿಂಗ್‌ನ, ತಾನಾಗಿ ನೆಟ್ಟಗಾಗುವ ದೋಣಿ. ಅದನ್ನು ವೂಲ್ವಿಚ್ ಹಡಗುಕಟ್ಟೆಯ ಜೇಮ್ಸ್ ಪೀಕ್ ತಿದ್ದಿದ. ವುಡ್‌ಹೇವ್ ಸತ್ತು ಆಗಲೇ 30 ವರ್ಷ.

ಅಲ್ಲಿಗೆ ಎಲ್ಲ ಸರಿಹೋಯಿತೆಂದಲ್ಲ. ಹಾಗೆ ಏಳಬೇಕಾದರೆ ದೋಣಿ ಕಿರಿದಾಗಿರಬೇಕು; ಕಿರಿದಾದದ್ದು ಬೇಗ ಮಗುಚುತ್ತದೆ. 1886ರಲ್ಲಿ ‘ಮೆಕ್ಸಿಕೊ’ ಹಡಗಿನ ನೆರವಿಗೆ ಹೋದ ಇಂಥವೇ ಎರಡು ದೋಣಿಗಳು ಮಗುಚಿ 27 ಸ್ವಯಂಸೇವಕರು ಸತ್ತರು. ಅದಾದ ಮೇಲೆ ಬಹುಕಾಲ, ಏಳದಿದ್ದರೂ ಚಿಂತೆಯಿಲ್ಲ, ಅಗಲವಾಗಿರಲಿ ಎಂಬ ವಾಟ್ಸನ್ ಮಾದರಿಯ ದೋಣಿಗಳನ್ನೇ ಎಷ್ಟೋ ತಂಡಗಳು ಬಯಸಿದವು. ಎಂಜಿನ್, ನೀರು ನುಗ್ಗದ ಕ್ಯಾಬಿನ್ ಬಂದ ಮೇಲಷ್ಟೇ ಅಗಲವೂ ಏಳುವ ಗುಣವೂ ಒಂದೇ ದೋಣಿಯಲ್ಲಿ ಕೂಡಿಬಂದವು. ಪೂಲ್ ಪಟ್ಟಣದಲ್ಲಿ ಬ್ರಿಟನ್ನಿನ ಜೀವರಕ್ಷಕ ದೋಣಿ ಸಂಸ್ಥೆ ಈಗ ಕಟ್ಟುವ ‘ಶ್ಯಾನನ್’ ದೋಣಿಗಳು 25 ನಾಟ್ ವೇಗದಲ್ಲಿ ಓಡುತ್ತವೆ, ಮಗುಚಿದರೆ ತಾವೇ ಏಳುತ್ತವೆ.

ಸೌತ್ ಶೀಲ್ಡ್ಸ್‌ನ ಓಷನ್ ರೋಡಿನಲ್ಲಿ 1890ರ ಸ್ಮಾರಕವೊಂದಿದೆ. ವುಡ್‌ಹೇವ್‌ಗೂ ಗ್ರೇಟ್‌ಹೆಡ್‌ಗೂ ಒಂದೇ ಕಲ್ಲು. ಗ್ರೇಟ್‌ಹೆಡ್ ಪಡೆದ 1200 ಪೌಂಡಿನ ಬಗ್ಗೆ ನನ್ನ ತಕರಾರಿಲ್ಲ, ಕಟ್ಟಿದವನಿಗೆ ಕೂಲಿ ಸಲ್ಲಬೇಕು. ಆ ತಗಡಿನ ಮಾದರಿಗೆ ಮಾತ್ರ ಪೂರ್ತಿ ಎರಡು ಗಿನಿ ಕೊಡಬೇಕಿತ್ತು.