ಹುಟ್ಟುಹಬ್ಬದ ಉಡುಗೊರೆಯೂ ಚನ್ನಪಟ್ಟಣದ ಬೊಂಬೆಯೂ

ಹಿಂದೆ ನಮ್ಮ ಮನೆಗಳಲ್ಲಿ ಮಗುವಿನ ಹುಟ್ಟುಹಬ್ಬವೆಂದರೆ ಜನ್ಮನಕ್ಷತ್ರದ ದಿನ ಎಣ್ಣೆನೀರು, ಹೊಸ ಬಟ್ಟೆ, ಆರತಿ, ಪಾಯಸ. ಸಿಂಗಪುರಕ್ಕೆ ಬಂದ ಮೇಲೆ ಕೇಕು, ಬೆಲೂನು, ಉಡುಗೊರೆಗಳ ರಾಶಿಯೂ ಸೇರಿಕೊಂಡಿವೆ. ಎರಡು ವರ್ಷದ ಕೂಸಿಗೆ ಏನು ಕೊಡುವುದೆಂದು ಯೋಚಿಸುವಾಗಲೆಲ್ಲ ನಮಗೆ ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣ ನೆನಪಾಗುತ್ತದೆ.

ಅಲ್ಲಿನ ಬೊಂಬೆ ಕಸುಬು ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯದ ಕುಶಲಕರ್ಮಿಗಳಿಂದ ಬಂತೆಂದು ಪ್ರತೀತಿ. 2005-06ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಒಣಗಿಸಿದ ಹಾಲೆ ಮರವನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಅರಗೆಂದರೆ ಒಂದು ಕೀಟ ಸ್ರವಿಸುವ ರಾಳ. ಔಷಧದ ಮಾತ್ರೆಗಳಿಗೂ ಅದನ್ನೇ ಲೇಪಿಸುವುದುಂಟು. ಅರಿಸಿನ, ನೀಲಿ ಮೊದಲಾದ ಸಸ್ಯಜನ್ಯ ಬಣ್ಣಗಳು ಅದರೊಡನೆ ಬೆರೆಯುತ್ತವೆ.

ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನಲ್ಲಿ ಇದು ಸಣ್ಣ ಸಂಗತಿಯಲ್ಲ. 2007ರಲ್ಲಿ ಬಣ್ಣದಲ್ಲಿ ಸೀಸವಿದ್ದ ಕಾರಣಕ್ಕೆ ಲಕ್ಷಾಂತರ ಆಟಿಕೆಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಸೀಸ ಎಳೆಯರ ಮಿದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ.

ಆದರೆ ರಸಾಯನಶಾಸ್ತ್ರ ಓದಿದವರಾಗಿ ನಾವು ಒಂದು ಮಾತು ಹೇಳಲೇಬೇಕು. ಚನ್ನಪಟ್ಟಣದ ಹೆಸರಿನಲ್ಲಿ ಬರುವುದೆಲ್ಲಕ್ಕೂ ಈಗ ಸಸ್ಯದ ಬಣ್ಣವೇ ಇರುವುದಿಲ್ಲ; ವಿಚಾರಿಸಿಯೇ ಕೊಳ್ಳಬೇಕು. ಮೂರು ವರ್ಷ ತುಂಬದವರಿಗೆ ಕಳಚಿ ಬರುವ ಮಣಿ, ಗುಂಡಿಗಳಿರುವ ಬೊಂಬೆ ಬೇಡ.

ಮುಂದಿನ ಸಲ ಊರಿಗೆ ಹೋದಾಗ ಪೆಟ್ಟಿಗೆಯಲ್ಲಿ ಒಂದೆರಡು ಗಿಲಕಿಗಳಿಗೆ ಜಾಗವಿರಲಿ. ಕಡೆಯುವವರ ಮನೆಯ ಒಲೆಯೂ ಉರಿದೀತು, ನಮ್ಮ ಮಕ್ಕಳ ಕೈಗೆ ಕನ್ನಡನಾಡಿನ ಆಟಿಕೆಯೂ ಸಿಕ್ಕೀತು.